ಪಂಪಮ್ಮನ ತವರಿಗೊಂದು ಡಾಜ್

ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ನಮ್ಮ ಗಾದಿಗನೂರಿನಲ್ಲಿ ಹೊಲ ಇದ್ದವನೂ ಅದಿರು ಹೊರಲು ಟಿಪ್ಪರ್ ತಂದಿದ್ದ, ಹೊಲ ಇಲ್ಲದವನೂ ಟಿಪ್ಪರ್ ತಂದಿದ್ದ. ಸೆಗಣಿ ಸಾರಿಸಿ ರಂಗೋಲಿ ಹಾಕುವ ಅಂಗಳದಲ್ಲಿ ಹತ್ತು ಗಾಲಿಯ ಗಾಡಿಗಳು ನಿಂತಿರುತ್ತಿದ್ದವು. ಅಂಥ ಕಾಲದಲ್ಲಿ ನಮ್ಮ ಪಕ್ಕದ ಮನೆಯ ಮರುಳಸಿದ್ದಣ್ಣ ಒಂದು ಮಧ್ಯಾಹ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದದ್ದು ಒಂದು ಹಳೆಯ ಡಾಜ್ ಪಿಕಪ್. ಮುಂದೆ ದೀಪದ ಗುಳಿಗಳಿದ್ದವು, ದೀಪ ಇರಲಿಲ್ಲ. ಕೂರುವಲ್ಲಿ ಸ್ಪ್ರಿಂಗುಗಳಿದ್ದವು, ಮೆತ್ತೆ ಇರಲಿಲ್ಲ. ಹಿಂದಿನ ತೊಟ್ಟಿಯ ತುಂಬ ಕೋಳಿಗಳ ಹಿಕ್ಕೆ. ಒಂದು ಹೇಂಟೆ ಕಾವಿಗೆ ಕೂತದ್ದು ಕಂಪ್ಲಿಯಿಂದ ಇಲ್ಲಿಯವರೆಗೆ ಹಾಗೆಯೇ ಕೂತು ಬಂದಿತ್ತು.

ಓಣಿಯವರೆಲ್ಲ ನೆರೆದರು. ಮೂರು ಟಿಪ್ಪರ್‌ಗಳ ಯಜಮಾನ ಅಂಜಿನಯ್ಯನಿಗೆ ಇಂಥ ಹೊತ್ತಿನಲ್ಲಿ ಸುಮ್ಮನಿರಲು ಬರುವುದಿಲ್ಲ.

"ಏನ್ರಿ ಮರುಳಸಿದ್ದಣ್ಣಾರ, ಕೋಳಿ ಫಾರಂ ಇಟ್ರೇನು?"

"ಗಾಡಿ ತರಾಕ ಹೋಗಿದ್ದೆ, ಕೋಳಿ ತಾನ ಬಂತು" ಎಂದ ಮರುಳಸಿದ್ದಣ್ಣ.

ನಾನು ಶಾಂಭವಿ. ನಮ್ಮದು ಹಿಟ್ಟಿನ ಗಿರಣಿ. ಅವರ ಹಿತ್ತಲಿಗೂ ನಮ್ಮ ಗಿರಣಿಗೂ ನಡುವೆ ಎದೆಯೆತ್ತರದ ಒಂದು ಗೋಡೆ ಇದೆ, ಆ ಗೋಡೆಯೇ ನನ್ನ ಟಿವಿ. ಊರ ಉಸಾಬರಿ ನಿನಗ್ಯಾಕೆ ಎನ್ನುವವರಿದ್ದಾರೆ. ಹಾಗೆನ್ನುವವರೇ ಹಿಟ್ಟು ಬೀಸಿಸಲು ಬಂದಾಗ ಮೊದಲು ಕೇಳುವುದು ಪಕ್ಕದ ಮನೆಯ ಸುದ್ದಿ. ಇನ್ನು ಗಾಡಿಗಳೆಂದರೆ ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಿರು ಲಾರಿಗಳ ಕೆಂಪು ದೂಳು ಬಿದ್ದು ನಾನು ಬೀಸಿದ ಬಿಳಿಜೋಳದ ಹಿಟ್ಟು ರಾಗಿ ಹಿಟ್ಟಿನಂತೆ ಕಾಣುತ್ತಿದ್ದ ದಿನಗಳು ಅವು. ಇದ್ದ ಗಾಡಿಗಳು ಸಾಲದೆಂದು ಇವನೊಂದು ತಂದನಲ್ಲ ಎಂದು ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಗಿತ್ತು, ಸುಳ್ಳು ಹೇಳುವುದಿಲ್ಲ.

ಮರುಳಸಿದ್ದಣ್ಣ ಕಂಪ್ಲಿ, ಎಮ್ಮಿಗನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಫಿಟ್ಟರ್. ಮದುವೆಯಲ್ಲಿ ಮಾವ ಕೊಟ್ಟ ಗೋಡೆ ಗಡಿಯಾರವನ್ನು ಬೀಗರೂಟದ ದಿನವೇ ಬಿಚ್ಚಿ ಹಾಕಿಕೊಂಡು ಕೂತ ಮನುಷ್ಯ. ಕೆಟ್ಟಿತ್ತೇನು ಎಂದು ಕೇಳಿದವರಿಗೆ, "ನೆಟ್ಟಗ ನಡೀತಿತ್ತು, ಅದಕ್ಕ ಬಿಚ್ಚಿದೆ. ಹೆಂಗ ನಡೀತೈತಿ ನೋಡಬೇಕಲ್ಲ?" ಎಂದಿದ್ದನಂತೆ. ಒಮ್ಮೆ ನನ್ನ ಗಿರಣಿಯ ಮೋಟರಿನಲ್ಲಿ ಏನೋ ಕಿರಿಕಿರಿ ಸದ್ದು ಬರುತ್ತದೆಂದು ಕರೆದೆ. ಒಂದು ತಾಸಿನಲ್ಲಿ ಸದ್ದು ನಿಲ್ಲಿಸಿದ. ಮರುದಿನ ಕರೆಯದೆಯೇ ಬಂದು, ಆ ಸದ್ದು ಎಲ್ಲಿಂದ ಬರುತ್ತಿತ್ತು ಎಂಬುದು ತಿಳಿಯಲಿಲ್ಲವೆಂದು ಮತ್ತೆ ಬಿಚ್ಚಿದ. ಗಿರಾಕಿಗಳು ಜೋಳದ ಚೀಲ ಇಟ್ಟುಕೊಂಡು ಸಂಜೆಯವರೆಗೆ ಕಾದರು. ನಾನು ಬೈದೆ. ಅವನಿಗೆ ಕೇಳಿಸಲಿಲ್ಲ, ತಲೆ ಮೋಟರಿನೊಳಗಿತ್ತು.

ಆದರೆ ಡಾಜ್ ತಂದದ್ದು ಆ ಚಪಲಕ್ಕಲ್ಲ. ತಂದದ್ದು ಅವನ ಹೆಂಡತಿ ಪಂಪಮ್ಮನಿಗಾಗಿ, ನಾನು ಕರೆಯುವ ಪಂಪಕ್ಕನಿಗಾಗಿ. ಇನ್ನೂ ಸರಿಯಾಗಿ ಹೇಳುವುದಾದರೆ ಪಂಪಕ್ಕನ ಹೊಟ್ಟೆಗಾಗಿ.

ಪಂಪಕ್ಕನಿಗೆ ಮೋಟಾರು ಗಾಡಿ ಆಗಿಬರುವುದಿಲ್ಲ. ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟ್ ಹರಿಯುವ ಮೊದಲೇ ವಾಂತಿ. ಆಟೋ ಆದರೂ ಅಷ್ಟೇ, ಜೀಪು ಆದರೂ ಅಷ್ಟೇ. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಅಗಿದದ್ದಾಯಿತು, ಪೇಪರ್ ಹಾಸಿ ಕೂತದ್ದಾಯಿತು, ಹೊಸಪೇಟೆಯ ಡಾಕ್ಟರು ಕೊಟ್ಟ ಗುಳಿಗೆ ನುಂಗಿದ್ದಾಯಿತು. ಗುಳಿಗೆಯೂ ಹೊರಗೆ ಬಂತು. ಟಿವಿಎಸ್ ಮೇಲೆ ಕೂರಿಸಿಕೊಂಡು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಆ ಹೆದ್ದಾರಿಯಲ್ಲಿ ಅದಿರು ಲಾರಿಗಳ ನಡುವೆ ಟಿವಿಎಸ್ ಮೇಲೆ ಹೋದ ಕೆಲವರ ಫೋಟೊಗಳಿಗೆ ನಮ್ಮೂರಲ್ಲಿ ಈಗ ಹಾರ ಹಾಕಿದ್ದಾರೆ.

ಅವಳ ತವರು ಎಮ್ಮಿಗನೂರು, ಕಂಪ್ಲಿ ದಾಟಿ ಹೋಗಬೇಕು. ಮದುವೆಯಾದಾಗಿನಿಂದ ಪಂಚಮಿಗೆ, ದೀಪಾವಳಿಗೆ ಗಂಡ ಹೆಂಡತಿ ಸವಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ನಸುಕಿನಲ್ಲಿ ಹೊರಟರೆ ಸಂಜೆಗೆ ಊರು. ಬಂಡಿಯಲ್ಲಿ ಪಂಪಕ್ಕನಿಗೆ ಒಂದು ಹುಳಿತೇಗು ಕೂಡ ಬಂದದ್ದಿಲ್ಲ. ಅದಿರಿನ ಕಾಲ ಬಂದ ಮೇಲೆ ಹೆದ್ದಾರಿಗೆ ಎತ್ತು ಇಳಿಸುವ ಹಾಗಿರಲಿಲ್ಲ. ಒಂದು ಸಲ ಹಾರನ್ನಿಗೆ ಬೆದರಿದ ಎತ್ತು ನೊಗ ಮುರಿದುಕೊಂಡು ರಸ್ತೆ ಬದಿಯ ತಗ್ಗಿಗೆ ಬಿದ್ದು ಕಾಲು ಮುರಿದುಕೊಂಡಿತು. ಎತ್ತು ಹೋಯಿತು, ಬಂಡಿ ಹೋಯಿತು, ಪಂಪಕ್ಕನ ತವರಿನ ದಾರಿಯೂ ಹೋಯಿತು.

ಎಮ್ಮಿಗನೂರಿನಲ್ಲಿ ಅವಳ ತಾಯಿ ಸುಂಕಲಮ್ಮ, ಮಗ ಜಡೆಪ್ಪನ ಮನೆಯಲ್ಲಿ ಸೊಸೆ ಮೊಮ್ಮಕ್ಕಳ ಮೇಲೆ ದರ್ಬಾರು ನಡೆಸಿಕೊಂಡು ಗಟ್ಟಿಮುಟ್ಟಾಗಿಯೇ ಇದ್ದಳು. ಪ್ರತಿ ಪಂಚಮಿಗೆ ಜಡೆಪ್ಪ ಅಕ್ಕನನ್ನು ಕರೆಯಲು ಬರುವುದು, ಪಂಪಕ್ಕ ಕಣ್ಣೀರು ಹಾಕುವುದು, ಅವನು ಒಬ್ಬನೇ ಬಸ್ಸು ಹತ್ತುವುದು. ನಾಲ್ಕು ವರ್ಷ ಇದೇ ನಡೆಯಿತು. ಮುದುಕಿಗೆ ವಾಂತಿಯ ಕಥೆಯಲ್ಲಿ ನಂಬಿಕೆ ಇರಲಿಲ್ಲ. ಒಂದು ದಿನ ಜಡೆಪ್ಪನ ಮೊಬೈಲಿನಲ್ಲಿ ಮಗಳಿಗೆ ಹೇಳಿಯೇ ಬಿಟ್ಟಳು:

"ಗಾಡ್ಯಾಗ ಕುಂತ್ರ ಯಾರರ ವಾಂತಿ ಮಾಡ್ಕೊಂತಾರೇನವ್ವಾ? ಅದಿರಿನ ರೊಕ್ಕ ಬಂತು, ತವರ್ಮನಿ ಬ್ಯಾಡಾತು. ಹಂಗಂತ ಹೇಳಿಬಿಡು. ಸುಳ್ಳು ಯಾಕ ಹೇಳ್ತಿ? ನಾ ಸತ್ತ ದಿನಾನೂ ನಿನಗ ವಾಂತಿ ಬರ್ತೈತೇನು?"

ಅದಿರಿನ ರೊಕ್ಕ ಊರಿಗೆ ಬಂದಿತ್ತು, ಈ ಮನೆಗೆ ಬಂದಿರಲಿಲ್ಲ. ಪಂಪಕ್ಕ ಫೋನು ಇಟ್ಟವಳೇ ನಮ್ಮ ಗಿರಣಿಗೆ ಬಂದು ಚೀಲದ ಮೇಲೆ ಕೂತಳು. "ಶಾಂಭವೀ, ನಮ್ಮವ್ವ ನನ್ನ ಸುಳ್ಳಿ ಅಂದ್ಲು" ಎಂದಳು. ಆಮೇಲೆ ಅತ್ತದ್ದು ಹೇಗಿತ್ತೆಂದರೆ ನಾನು ಗಿರಣಿ ಬಂದ್ ಮಾಡಬೇಕಾಯಿತು. ಹೆತ್ತ ತಾಯಿ ನಂಬದಿದ್ದರೆ ಇನ್ನು ಯಾರು ನಂಬಿದರೇನು?

ಊರವರು ಅದನ್ನು ಹಣೆಬರಹ ಎಂದರು. ಮರುಳಸಿದ್ದಣ್ಣ ಮಾತ್ರ ಹಣೆಬರಹವನ್ನೂ ಬಿಚ್ಚಿ ನೋಡುವ ಆಸಾಮಿ. ಗೋಡೆಯ ಆಚೆಯಿಂದ ನನ್ನನ್ನು ಕೇಳಿದ: "ಶಾಂಭವೀ, ಬಂಡ್ಯಾಗ ಬರದ ವಾಂತಿ ಗಾಡ್ಯಾಗ ಯಾಕ ಬರ್ತೈತಿ? ಎರಡಕ್ಕೂ ಗಾಲಿ ಅದಾವ, ಎರಡೂ ಕುಲುಕ್ತಾವ. ಏನೋ ಒಂದು ಫರಕು ಇರಬೇಕಲ್ಲ?"

ಅದನ್ನು ಕಂಡುಹಿಡಿಯಲು ಅವನಿಗೆ ಬೇಕಾದ ಹಾಗೆ ಕತ್ತರಿಸಿ ಜೋಡಿಸಬಹುದಾದ ಒಂದು ಗಾಡಿ ಬೇಕಾಗಿತ್ತು. ಡ್ಯಾಮು ಕಟ್ಟುವ ಕಾಲದಲ್ಲಿ ಮಿಲಿಟರಿಯವರ ಹರಾಜಿನಲ್ಲಿ ಬಂದ ಈ ಅಮೆರಿಕದ ಡಾಜ್, ಕಂಪ್ಲಿಯ ಒಂದು ಗಿರಣಿಯಲ್ಲಿ ಬಹಳ ವರ್ಷ ಭತ್ತ ಹೊತ್ತು, ಆಮೇಲೆ ಹುಣಸೆಮರದ ಕೆಳಗೆ ಕೋಳಿಗಳ ಪಾಲಾಗಿತ್ತು. ಜಾಗ ಖಾಲಿಯಾದರೆ ಸಾಕೆಂದು ಗಿರಣಿಯ ಧಣಿ ಪುಕ್ಕಟೆ ಕೊಟ್ಟಿದ್ದ. "ಹೊಸಾ ಗಾಡಿ ಕೊಯ್ದ್ರ ಕಂಪನಿಯವ್ರು ಬೈತಾರ. ಇದನ್ನ ಮಾಡಿದವ್ರು ಯಾರೂ ಈಗ ಇರಾಕಿಲ್ಲ" ಎಂಬುದು ಮರುಳಸಿದ್ದಣ್ಣನ ಲೆಕ್ಕಾಚಾರ.

ಎಂಜಿನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಹೊಸಪೇಟೆಯ ಮೆಕ್ಯಾನಿಕ್ಕುಗಳದ್ದು ಒಂದೇ ಮಾತು: ಇದನ್ನು ಗುಜರಿಗೆ ಹಾಕಿ, ಮೆಟಾಡೋರಿನ ಡೀಸೆಲ್ ಎಂಜಿನ್ ಕೂರಿಸಿ. ಮರುಳಸಿದ್ದಣ್ಣ ಒಪ್ಪಲಿಲ್ಲ. ಬಸ್ಸು, ಆಟೋ, ಜೀಪು ಎಲ್ಲವೂ ಡೀಸೆಲ್ ಗಾಡಿಗಳು, ಪಂಪಕ್ಕನ ವೈರಿ ಆ ವಾಸನೆಯೇ ಇರಬೇಕೆಂಬುದು ಅವನ ಮೊದಲ ಅನುಮಾನ. ಹಾಗಾಗಿ ಹಳೆಯ ಪೆಟ್ರೋಲ್ ಎಂಜಿನ್ನೇ ಬದುಕಬೇಕಿತ್ತು. ಪ್ಲಗ್ಗುಗಳನ್ನು ತೆಗೆದು ಆರು ತೂತಿಗೂ ಸೀಮೆಎಣ್ಣೆಯಲ್ಲಿ ಹಳೆ ಆಯಿಲ್ ಬೆರೆಸಿ ಹೊಯ್ದು ಬಿಟ್ಟ. ದಿನವೂ ಬೆಳಿಗ್ಗೆ ಹಲ್ಲುಜ್ಜುತ್ತ ಬಂದು ಮುಂದಿನ ಹ್ಯಾಂಡಲ್ ಹಿಡಿದು ತಿರುಗಿಸಿ ನೋಡುವುದು, ಅದು ಅಲುಗದಿದ್ದರೆ "ಇನ್ನಾ ಕುಡೀಲಿ ತಡಿ" ಎಂದು ಮತ್ತಷ್ಟು ಹೊಯ್ಯುವುದು. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಹ್ಯಾಂಡಲ್ ಗೇಣಷ್ಟು ಸರಿಯಿತು. ಗೋಡೆಯ ಈಚೆ ನಿಂತಿದ್ದ ನಾನು ಚಪ್ಪಾಳೆ ಹೊಡೆದುಬಿಟ್ಟೆ, ಕೈಯ ಹಿಟ್ಟೆಲ್ಲ ಮುಖಕ್ಕೆ ಹಾರಿತು.

ಆಮೇಲೆ ಕೆಲಸ ಓಡಿತು. ಪಿಸ್ಟನ್ ರಿಂಗುಗಳನ್ನು ಹೊಸಪೇಟೆಯ ಲೇತಿನಲ್ಲಿ ಮಾಡಿಸಿದ. ಕಾರ್ಬುರೇಟರ್ ಯಾವುದೋ ಅಂಬಾಸಿಡರ್ ಕಾರಿನದು. ತಳದ ತಗಡು ತಿಂದುಹೋಗಿದ್ದಲ್ಲಿ ಡ್ರಮ್ಮು ಸೀಳಿ ಬೆಸೆದ. ಬಣ್ಣ ಕೆರೆಯುವಾಗ ಮೇಲೆ ನೀಲಿ, ಅದರ ಕೆಳಗೆ ಹಳದಿ, ಅದರ ಕೆಳಗೆ ಕಂದು, ತಳದಲ್ಲಿ ಮಿಲಿಟರಿ ಹಸಿರು ಸಿಕ್ಕಿತು. ಒಂದೊಂದು ಪದರ ಸಿಕ್ಕಾಗಲೂ ನನ್ನನ್ನು ಕೂಗಿ ತೋರಿಸುತ್ತಿದ್ದ. ಹೊಸ ಬಣ್ಣ ಯಾವುದು ಎಂಬ ಪ್ರಶ್ನೆ ಬಂದಾಗ ಪಂಪಕ್ಕ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಯಾವ್ದು ಹಚ್ಚಿದ್ರೂ ನಾಳಿಗೆ ಕೆಂಪಾಗ್ತೈತಿ. ಕೆಂಪ ಹಚ್ಚಿಬಿಡ್ರಿ." ಗಾಡಿಗೆ ದೂಳಿನ ಬಣ್ಣವೇ ಬಂತು.

ಗಾಡಿ ಎದ್ದು ನಿಲ್ಲುತ್ತಿದ್ದ ಹಾಗೆ ಪಂಪಕ್ಕನ ಪರೀಕ್ಷೆಗಳೂ ಶುರುವಾದವು. ಸೀಟಿಗೆ ಹೊಸ ರೆಕ್ಸಿನ್ ತಂದು ಮೊದಲು ಅವಳ ಮೂಗಿಗೆ ಹಿಡಿದ. ಅವಳು ಓಡಿಹೋಗಿ ಬಚ್ಚಲಲ್ಲಿ ಬಗ್ಗಿದಳು. ರೆಕ್ಸಿನ್ ವಾಪಸು ಹೋಯಿತು, ಹತ್ತಿ ತುಂಬಿದ ಖಾದಿ ಗಾದಿ ಬಂತು. ಎಂಜಿನ್ ಬಂದ್ ಇಟ್ಟು ಅವಳನ್ನು ಕೂರಿಸಿ ನೋಡಿದ, ಚಾಲೂ ಇಟ್ಟು ಕೂರಿಸಿ ನೋಡಿದ. ಓಣಿಯ ನಾಲ್ವರು ಗಂಡಸರಿಂದ ಗಾಡಿಯನ್ನು ಅತ್ತಿತ್ತ ಅಲುಗಾಡಿಸಿ ನೋಡಿದ. ಹೋಲಿಸಿ ನೋಡಲು ನಡುನಡುವೆ ನನ್ನನ್ನೂ ಕೂರಿಸುತ್ತಿದ್ದ.

"ಶಾಂಭವೀ, ನಿನಗ ಏನಾಗ್ತೈತಿ?"

"ಹಸಿವಾಗ್ತೈತಿ ಅಣ್ಣಾ" ಎನ್ನುತ್ತಿದ್ದೆ.

ಗೋಡೆಯ ಮೇಲೆ ಓಣಿಯ ಅರ್ಧ ಜನ ಕೂತು ನೋಡುತ್ತಿದ್ದರು. ಸಾವಿರ ಪರೀಕ್ಷೆಗಳ ಮೇಲೆ ಅವನೊಂದು ತೀರ್ಮಾನಕ್ಕೆ ಬಂದ. ಒಂದೊಂದೇ ಫರಕು ಹುಡುಕುತ್ತ ಕೂತರೆ ಆಯುಷ್ಯ ಸಾಲದು, ಬಂಡಿ ಹೇಗಿತ್ತೋ ಹಾಗೆಯೇ ಗಾಡಿ ಮಾಡಿಬಿಡುವುದು. ಬಂಡಿಯ ಒಂದೊಂದು ಸಂಗತಿಯೂ ಅವನಿಗೆ ಬಾಯಿಪಾಠವಾಗಿತ್ತು. ಭತ್ತದ ಹುಲ್ಲು ಮೊಣಕಾಲೆತ್ತರ, ಅದರ ಮೇಲೆ ಎರಡು ಕೌದಿ, ಕೈಗೆ ಸಿಗುವ ಹಾಗೆ ಎಡಗಡೆ ನೀರಿನ ಬಿಂದಿಗೆ, ಕಮಾನಿನ ಚಾಪೆಯ ಸಂದಿಯಲ್ಲಿ ಮೋಡ ಕಾಣುವಷ್ಟು ಕಿಂಡಿ. "ಹಂಗ ಇತ್ತಿಲ್ಲೋ?" ಎಂದು ಕೇಳಿದರೆ ಪಂಪಕ್ಕ "ಹೂಂ, ಹಂಗ ಇತ್ತು" ಎನ್ನುತ್ತಿದ್ದಳು.

ಕಮಾನು ಹೆಣೆಯಲು ಕಂಪ್ಲಿಯಿಂದ ಮೇದಾರರ ಉಚ್ಚೆಂಗಮ್ಮ ಬಂದಳು. ಬಿದಿರು ಸೀಳುತ್ತ, "ಎತ್ತು ಎಷ್ಟು ಎತ್ತರ ಅದಾವ್ರಿ?" ಎಂದು ಕೇಳಿದಳು. ಎತ್ತು ಇಲ್ಲ ಎಂದಾಗ ಬಿದಿರು ಕೆಳಗಿಟ್ಟು, "ಮತ್ತ ಎಳೆಯಾಕಿ ನಾನೇನು?" ಎಂದಳು. ಊರೆಲ್ಲ ನಕ್ಕಿತು. ಆದರೆ ಕಮಾನು ಕಟ್ಟಿ ನಿಲ್ಲಿಸಿದ ಮೇಲೆ ನೋಡಬೇಕಿತ್ತು. ಅಮೆರಿಕದ ಮೂತಿ, ಎಮ್ಮಿಗನೂರಿನ ಬೆನ್ನು. ನನಗಂತೂ ಅಂಜಿನಯ್ಯನ ಮೂರು ಟಿಪ್ಪರ್‌ಗಿಂತ ಅದೇ ಚೆಂದ ಕಂಡಿತು. ಆರ್‌ಟಿಒ ಆಫೀಸಿನಲ್ಲಿ ಅದಕ್ಕೆ ಕಾಗದ ಮಾಡಿಸಿದ ಕಥೆಯನ್ನು ಮಾತ್ರ ಕೇಳಬೇಡಿ, ಕೇಳಿದರೆ ನಿಮಗೂ ವಾಂತಿಯಾದೀತು.

ಮರುವರ್ಷದ ಪಂಚಮಿಗೆ ಹೊರಟೆವು. ಕರೆಯಲು ಬಂದಿದ್ದ ಜಡೆಪ್ಪನನ್ನು, "ಈ ಸಲ ಬಂದೇ ಬರ್ತೀವಿ, ನೀ ಮುಂದ ಹೋಗಿ ನಿಮ್ಮವ್ವಗ ಹೇಳು" ಎಂದು ಮರುಳಸಿದ್ದಣ್ಣ ಮೊದಲ ಬಸ್ಸಿಗೇ ಕಳಿಸಿದ್ದ. ಪಂಪಕ್ಕ ಹಸಿರು ಇಳಕಲ್ ಸೀರೆ ಉಟ್ಟು ಕಮಾನಿನ ಕೆಳಗೆ ಹುಲ್ಲಿನ ಮೇಲೆ ಕೂತಳು. ಮಡಿಲಲ್ಲಿ ತಂಬಿಟ್ಟಿನ ಡಬ್ಬಿ. ಜೊತೆಗೆ ನಾನು. ಮರುಳಸಿದ್ದಣ್ಣ ಪೇಟ ಸುತ್ತಿ ಸ್ಟಿಯರಿಂಗ್ ಹಿಡಿದ. ಹೆದ್ದಾರಿಗೆ ಹತ್ತಿದ್ದೇ ತಡ, ಪಂಪಕ್ಕ ಮಾತು ನಿಲ್ಲಿಸಿದಳು. ಆಮೇಲೆ ಬೆವತಳು. ಪಾಪಿನಾಯಕನಹಳ್ಳಿ ಮುಟ್ಟುವುದರೊಳಗೆ ತೊಟ್ಟಿಯ ಪಟ್ಟಿ ಹಿಡಿದು ಹೊರಗೆ ಬಗ್ಗಿದಳು. ನಾನು ಡಬ್ಬಿ ಹಿಡಿದುಕೊಂಡು ಗಾಡಿಯ ಗೋಡೆ ಬಡಿದೆ.

ಬೇವಿನ ಮರದ ಕೆಳಗೆ ಗಾಡಿ ನಿಂತಿತು. ಪಂಪಕ್ಕ ನೆಲಕ್ಕೆ ಕುಸಿದು ಕೂತು ಅಳತೊಡಗಿದಳು. ಒಂದರ ಹಿಂದೆ ಒಂದು ಅದಿರು ಲಾರಿಗಳು ಹೋಗುತ್ತಿದ್ದವು, ನಮ್ಮ ಮೇಲೆಲ್ಲ ದೂಳು. ವರ್ಷದ ಕೆಲಸ ಒಂದು ಊರು ದಾಟಿರಲಿಲ್ಲ. ಮರುಳಸಿದ್ದಣ್ಣನ ಮುಖ ನೋಡಲಾಗಲಿಲ್ಲ ನನಗೆ.

"ಬಂಡ್ಯಾಗ ಇದ್ದಿದ್ದೆಲ್ಲಾ ಐತಲ್ಲ ಪಂಪಾ" ಎಂದ ಅವನು. "ಹುಲ್ಲು ಐತಿ, ಕೌದಿ ಐತಿ, ಕಮಾನು ಐತಿ. ಮತ್ತೇನಿಲ್ಲ ಹೇಳು?"

ಪಂಪಕ್ಕ ಬಾಯಿ ಮುಕ್ಕಳಿಸಿ ಉಗುಳಿದಳು. ಅವಳಿಗೂ ಸಿಟ್ಟು ಬಂದಿತ್ತು.

"ಹುಲ್ಲಿನ ಸುದ್ದಿ ನನಗೇನು ಗೊತ್ತು? ಹುಲ್ಲಿನ ಮ್ಯಾಲ ಮಲಗತಿದ್ದವ್ರು ನೀವು."

"ಮತ್ತ ನೀ?"

"ನಾ ಎಲ್ಲಿರ್ತಿದ್ದೆ? ಮುಂದ ಕುಂತು ಹಗ್ಗ ಹಿಡೀತಿದ್ದೆ. ಇಲ್ಲಾಂದ್ರ ಬಂಡಿ ಹೊಡೀತಿದ್ದವ್ರು ಯಾರು, ನಿಮ್ಮಪ್ಪಾರಾ?"

ಆಮೇಲೆ ಬಿಡಿಸಿ ಕೇಳಿದಾಗ ತಿಳಿದದ್ದು ಇದು. ಊರಿನ ಎಲ್ಲ ಯಂತ್ರಗಳ ಕಿವಿ ಹಿಂಡುವ ಮರುಳಸಿದ್ದಣ್ಣನಿಗೆ ಎತ್ತು ಮಾತ್ರ ಬಗ್ಗುತ್ತಿರಲಿಲ್ಲ. ಅವನು ಹಗ್ಗ ಹಿಡಿದರೆ ಅವು ದಾರಿಯ ಮಧ್ಯೆ ನಿಂತು ಮೆಲುಕು ಹಾಕುತ್ತಿದ್ದವು. ಪಂಪಕ್ಕ ಚಿಕ್ಕಂದಿನಿಂದ ಅಪ್ಪನ ಬಂಡಿ ಹೊಡೆದವಳು. ಆದರೆ ಗಂಡನನ್ನು ಹಿಂದೆ ಕೂರಿಸಿ ಹೆಂಡತಿ ಬಂಡಿ ಹೊಡೆದರೆ ಅತ್ತೆಮನೆಯ ಊರಿಗೂ ಸರಿಯಲ್ಲ, ತವರೂರಿಗೂ ಸರಿಯಲ್ಲ. ಹಾಗಾಗಿ ಊರ ಮುಂದಿನ ಹಳ್ಳದವರೆಗೆ ಗಂಡ, ಹಳ್ಳ ದಾಟಿದ ಮೇಲೆ ಹೆಂಡತಿ. ಎಮ್ಮಿಗನೂರಿನ ಅಗಸೆ ಬಾಗಿಲು ಕಂಡಾಗ ಅವಳು ಗಂಡನನ್ನು ಎಬ್ಬಿಸಿ ಹಗ್ಗ ಕೈಗೆ ಕೊಟ್ಟು, ಸೆರಗು ಹೊದ್ದು ಹಿಂದೆ ಕೂರುವುದು. ಹೀಗೆ ಇಪ್ಪತ್ತು ವರ್ಷ. ಎರಡು ಊರಿಂದ ಮುಚ್ಚಿಟ್ಟೂ ಮುಚ್ಚಿಟ್ಟೂ ಕೊನೆಗೆ ಮರುಳಸಿದ್ದಣ್ಣ ತನ್ನಿಂದಲೇ ಮುಚ್ಚಿಟ್ಟುಕೊಂಡಿದ್ದ. ಅವನಿಗೆ ಬಾಯಿಪಾಠವಾಗಿದ್ದ ಬಂಡಿ ಮಲಗಿದವನು ಕಂಡ ಬಂಡಿ.

"ಇಷ್ಟು ದಿನ ಯಾಕ ಹೇಳಲಿಲ್ಲ ಅಕ್ಕಾ?" ಎಂದು ನಾನು ಬೈದೆ.

"ಗ್ವಾಡಿ ಮ್ಯಾಲ ಊರೆಲ್ಲಾ ಕುಂತಿತ್ತಲ್ಲೇ. ಅವ್ರ ಮುಂದ ನಮ್ಮನಿಯವ್ರಿಗೆ ಎತ್ತು ಹೊಡಿಯಾಕ ಬರೂದಿಲ್ಲ ಅಂತ ಹೆಂಗ ಹೇಳ್ಲಿ?" ಎಂದಳು ಪಂಪಕ್ಕ.

ಬೇರೆ ಗಂಡಸಾಗಿದ್ದರೆ ತಲೆ ತಗ್ಗಿಸುತ್ತಿದ್ದ, ಇಲ್ಲವೇ ಕೈಯೆತ್ತುತ್ತಿದ್ದ. ಮರುಳಸಿದ್ದಣ್ಣನ ಕಣ್ಣು ಮಾತ್ರ ಹೊಳೆಯುತ್ತಿತ್ತು. ರಸ್ತೆಯ ಮೇಲೆ ಹೋಗುತ್ತಿದ್ದ ಲಾರಿಗಳನ್ನು ನೋಡುತ್ತ ನಿಂತು ಇದ್ದಕ್ಕಿದ್ದ ಹಾಗೆ ಕೇಳಿದ: "ಶಾಂಭವೀ, ಬಸ್ ಡ್ರೈವರ್ ವಾಂತಿ ಮಾಡಿದ್ದು ಯಾವತ್ತರ ನೋಡಿಯೇನು?"

ನಾನು ನೋಡಿರಲಿಲ್ಲ. ಯಾರೂ ನೋಡಿಲ್ಲ.

ಅಂದು ನಾವು ವಾಪಸು ಬಂದೆವು, ಪಂಪಕ್ಕ ನಡೆದುಕೊಂಡು ಬಂದಳು. ಎಮ್ಮಿಗನೂರಿನಲ್ಲಿ ಮುದುಕಿ ಸಂಜೆಯವರೆಗೆ ಕಟ್ಟೆಯ ಮೇಲೆ ಕಾದು, ಆಮೇಲೆ ಮಗಳ ಹೆಸರು ಎತ್ತಬೇಡಿ ಎಂದಳೆಂದು ಜಡೆಪ್ಪ ಫೋನು ಮಾಡಿದ. ಪಂಪಕ್ಕ ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಮರುಳಸಿದ್ದಣ್ಣ ಅವಳ ಕಾಲಿನ ಉದ್ದ ಅಳೆದ.

ಡಾಜಿನ ಪೆಡಲುಗಳು ಅವಳಿಗೆ ಎಟುಕುತ್ತಿರಲಿಲ್ಲ, ಅವುಗಳ ಮೇಲೆ ಕಬ್ಬಿಣದ ದಿಮ್ಮಿ ಬೆಸೆದ. ಸೀಟಿನಡಿ ಹಲಗೆ ಕೊಟ್ಟು ಎತ್ತರಿಸಿದ. ಕ್ಲಚ್ಚಿನ ಸ್ಪ್ರಿಂಗು ಮೆತ್ತಗೆ ಮಾಡಿದ. ರೈಲ್ವೆ ಸೈಡಿಂಗಿನ ಪಕ್ಕ ಅದಿರು ಎತ್ತಿ ಖಾಲಿಯಾದ ಬಯಲಿನಲ್ಲಿ ಪಾಠ ಶುರುವಾಯಿತು. ಮೊದಮೊದಲು ಪಂಪಕ್ಕ ಗಾಡಿ ನಿಲ್ಲಿಸಲು ಬ್ರೇಕು ತುಳಿಯುವ ಬದಲು "ಹೋ, ಹೋ" ಎಂದು ಕೂಗುತ್ತಿದ್ದಳು. ಡಾಜಿಗೆ ಆ ಭಾಷೆ ಬರುವುದಿಲ್ಲ, ಅದು ಹೋಗಿ ಅಂಚಿನಲ್ಲಿ ಉಳಿದಿದ್ದ ಅದಿರಿನ ಗುಡ್ಡೆಗೆ ಮೂಗು ತೂರಿಸುತ್ತಿತ್ತು. ಆದರೆ ಒಂದು ತಾಸು, ಎರಡು ತಾಸು ಸುತ್ತಿದರೂ ಅವಳ ಹೊಟ್ಟೆ ಮಿಸುಕಲಿಲ್ಲ. ಗಾಡಿಯಿಂದ ಇಳಿದವಳೇ "ಶಾಂಭವೀ, ಹಸಿವಾಗ್ತೈತಿ" ಎಂದಳು. ನಾವಿಬ್ಬರೂ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

"ಹೆಂಗಸ್ರು ಗಾಡಿ ಹೊಡದ್ರ ಮಳಿ ಬರೂದಿಲ್ಲ" ಎಂದ ಅಂಜಿನಯ್ಯ.

"ಗಂಡಸ್ರು ಹೊಡದಾಗ ಬಂದಿದ್ದೇನು? ಬರೇ ದೂಳು" ಎಂದೆ ನಾನು. ಅವನ ಮನೆಯ ಜೋಳ ಈಗಲೂ ನಮ್ಮ ಗಿರಣಿಗೇ ಬರುತ್ತದೆ, ಬೇರೆ ಗಿರಣಿ ಊರಲ್ಲಿಲ್ಲ.

ಲೈಸೆನ್ಸು ಸಿಕ್ಕಿದ್ದು ದಸರಾ ಕಳೆದ ಮೇಲೆ. ಶೀಗಿ ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಮತ್ತೆ ಹೊರಟೆವು. ಈ ಸಲ ಸ್ಟಿಯರಿಂಗಿನಲ್ಲಿ ಪಂಪಕ್ಕ, ಕಮಾನಿನ ಕೆಳಗೆ ಮರುಳಸಿದ್ದಣ್ಣ ಮತ್ತು ನಾನು. ಹೆದ್ದಾರಿಯಲ್ಲಿ ಲಾರಿ ಡ್ರೈವರುಗಳು ತಲೆ ಹೊರಗೆ ಹಾಕಿ ನೋಡಿದರು, ಒಬ್ಬ ಹಾರನ್ ಬಿಟ್ಟು ಕೈಮುಗಿದ. ನಾನು ವಿರೂಪಾಕ್ಷನನ್ನು ನೆನೆಯುತ್ತ ಕಮಾನಿನ ಬಿದಿರು ಹಿಡಿದು ಕೂತಿದ್ದೆ. ಹೊಸಪೇಟೆಯ ಗದ್ದಲ ದಾಟಿ ಕಮಲಾಪುರದ ಕೆರೆಯ ಪಕ್ಕ ಬಂದಾಗ ನೋಡುತ್ತೇನೆ, ಮರುಳಸಿದ್ದಣ್ಣ ಹುಲ್ಲಿನ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ! ಎಬ್ಬಿಸಿದರೆ, "ಬಂಡ್ಯಾಗೂ ನನಗ ಇಲ್ಲೇ ನಿದ್ದಿ ಹತ್ತತಿತ್ತು" ಎಂದು ಮಗ್ಗುಲು ಬದಲಿಸಿದ. ಆ ಕ್ಷಣ ನನಗೆ ಅವನ ಮೇಲೆ ಬಹಳ ಅಕ್ಕರೆ ಬಂತು. ಹೇಳಲಿಲ್ಲ, ಹೇಳಿದರೆ ಕೊಬ್ಬುತ್ತಾನೆ.

ಎಮ್ಮಿಗನೂರಿನ ಅಗಸೆ ಕಂಡಾಗ ಪಂಪಕ್ಕ ಗಾಡಿ ನಿಲ್ಲಿಸಿದಳು. ರೂಢಿ ಎಲ್ಲಿ ಹೋಗುತ್ತದೆ?

"ಏಳ್ರಿ, ಊರು ಬಂತು. ನೀವು ಹಿಡೀರಿ."

ಮರುಳಸಿದ್ದಣ್ಣ ತಲೆಯ ಹುಲ್ಲು ಕೊಡವಿಕೊಂಡ. "ನಾ ಹಿಡಿದ್ರ ನೀ ವಾಂತಿ ಮಾಡ್ಕೊಂತ ತವರ್ಮನ್ಯಾಗ ಇಳೀತಿ. ಊರು ನೋಡಿದ್ರ ನೋಡ್ಲಿ, ನಡಿ" ಎಂದ. ಪಂಪಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೇರ್ ಹಾಕಿದಳು.

ಜಡೆಪ್ಪನ ಮನೆಯ ಮುಂದೆ ಜನ ಸೇರಿತು. ಸುಂಕಲಮ್ಮ ಕಟ್ಟೆಯಿಂದ ಏಳಲಿಲ್ಲ. ಮಗಳು ಕಾಲು ಮುಟ್ಟಿದಾಗ ಮುಖ ಆಚೆ ಮಾಡಿ ಮೊಮ್ಮಗಳಿಗೆ, "ಬಂದವ್ರಿಗೆ ನೀರು ಕೊಡವ್ವಾ" ಎಂದಳು. ಬಂದವರಂತೆ! ಹೊಟ್ಟೆಯಲ್ಲಿ ಹುಟ್ಟಿದ ಮಗಳು! ನನಗೆ ಮುದುಕಿಯ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂತು.

"ಈಗ ಗಾಡ್ಯಾಗ ಬಂದ್ರಲ್ಲ, ವಾಂತಿ ಬರ್ಲಿಲ್ಲೇನು?" ಎಂದಳು ಸುಂಕಲಮ್ಮ. "ಅಂದ್ರ ನಾ ಅಂದಿದ್ದ ಖರೆ ಆತು. ಬರಬೇಕಂದ್ರ ಬರಾಕ ಬರ್ತೈತಿ."

ವಾಂತಿಯಾದರೆ ನೆಪ, ಆಗದಿದ್ದರೆ ಸಾಕ್ಷಿ. "ನಾನ ಹೊಡದ್ರ ಬರೂದಿಲ್ಲವ್ವಾ, ಕುಂತ್ರ ಬರ್ತೈತಿ" ಎಂದಳು ಪಂಪಕ್ಕ. ಮುದುಕಿ "ಹೌದೌದು" ಎಂದು ಒಳಗೆ ಎದ್ದುಹೋದಳು. ತವರಿಗೆ ಬಂದೂ ಪಂಪಕ್ಕ ತವರಿಗೆ ಬಂದಂತಾಗಲಿಲ್ಲ. ಅಂದು ಅಡುಗೆಮನೆಯಲ್ಲಿ ತಾಯಿ ಮಗಳು ಒಟ್ಟಿಗೆ ಕಡುಬು ಮಾಡಿದರು, ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ. ಮಾತೆಲ್ಲ ಸೊಸೆಯ ಮೂಲಕ ಹೋಗಿಬರುತ್ತಿತ್ತು.

ಶೀಗಿ ಹುಣ್ಣಿಮೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬುತ್ತಿಯ ಒಂದು ಪಾಲನ್ನು ಭೂತಾಯಿಗೆ ಚರಗವೆಂದು ಚೆಲ್ಲಿ ಅಲ್ಲೇ ಉಣ್ಣುವುದು. ಜಡೆಪ್ಪನ ಬಂಡಿಯಲ್ಲಿ ಸೊಸೆ ಮೊಮ್ಮಕ್ಕಳು ಹತ್ತಿದರು. ಜಾಗ ಸಾಲಲಿಲ್ಲ. ಬುತ್ತಿಯ ಬುಟ್ಟಿಗಳು ಡಾಜಿಗೆ ಬಂದವು, ಮೊಣಕಾಲು ನೋವಿನ ಮುದುಕಿಗೂ ಅದೇ ಗತಿಯಾಯಿತು. ಜಡೆಪ್ಪ ತಾಯಿಯನ್ನು ಎತ್ತಿ ಪಂಪಕ್ಕನ ಪಕ್ಕ ಮುಂದೆ ಕೂರಿಸಿದ. ಸುಂಕಲಮ್ಮ ಮೋಟಾರು ಗಾಡಿ ಹತ್ತಿದ್ದು ಹುಟ್ಟಿದ ಮೇಲೆ ಅದೇ ಮೊದಲಂತೆ. ಅವಳ ಲೋಕವೆಲ್ಲ ಬಂಡಿ ಹೋಗುವಷ್ಟು ದೂರದಲ್ಲಿತ್ತು. ಹಿಂದೆ ನಾನು, ಮರುಳಸಿದ್ದಣ್ಣ ಮತ್ತು ಕಡುಬಿನ ಬುಟ್ಟಿಗಳು.

ಊರು ದಾಟಿ ಕಾಲುವೆಯ ಏರಿ ಹಿಡಿದೆವು. ಎರಡೂ ಕಡೆ ಭತ್ತ ತೆನೆ ಬಾಗಿ ನಿಂತಿತ್ತು. ಏರಿಯ ದಾರಿ ಹಾವಿನ ಹಾಗೆ ಡೊಂಕು. ಮೊದಲ ತಿರುವಿನಲ್ಲಿ ಮುದುಕಿ ಏನೋ ಗೊಣಗಿದ್ದು ಕೇಳಿಸಿತು. ಎರಡನೆಯದರಲ್ಲಿ ಸುಮ್ಮನಾದಳು. ಹಿಂದಿನ ಕಿಂಡಿಯಿಂದ ನಾನು ನೋಡುತ್ತಿದ್ದೆ. ಅವಳ ಕತ್ತಿನ ಮೇಲೆ ಬೆವರು ಕಂಡಿತು, ಕೈ ಬಾಗಿಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಿತು.

"ನಿಲ್ಸು" ಎಂದಳು. ಆಮೇಲೆ, "ನಿಲ್ಸ ಯವ್ವಾ, ನಿಲ್ಸು!"

ಗಾಡಿ ಪೂರ್ತಿ ನಿಲ್ಲುವ ಮೊದಲೇ ಸುಂಕಲಮ್ಮ ಬಾಗಿಲ ಹೊರಗೆ ಬಗ್ಗಿದಳು. ಪಂಪಕ್ಕ ಆಕಡೆಯಿಂದ ಇಳಿದು ಓಡಿಬಂದು ತಾಯಿಯ ಹಣೆ ಹಿಡಿದಳು, ಬೆನ್ನು ನೀವಿದಳು. ನಾನು ಬಿಂದಿಗೆ ಕೊಟ್ಟೆ. ಎಷ್ಟೋ ಹೊತ್ತಿನ ಮೇಲೆ ಮುದುಕಿಯನ್ನು ಇಳಿಸಿ ಕಾಲುವೆಯ ದಂಡೆಯ ಕಲ್ಲಿನ ಮೇಲೆ ಕೂರಿಸಿದೆವು. ಮುಖಕ್ಕೆ ನೀರು ಹಾಕಿಕೊಂಡು ಅವಳು ಮಗಳನ್ನೇ ನೋಡಿದಳು.

"ಹೊಟ್ಟ್ಯಾಗಿನ ಕರಳು ಕಿತ್ತು ಬಂದಂಗ ಆತಲ್ಲೇ. ನಿನಗೂ ಹಿಂಗ ಆಗತಿತ್ತಾ?"

"ಹೂಂನವ್ವಾ."

"ದರಾ ಸಲಾನೂ?"

"ದರಾ ಸಲಾನೂ."

ಸುಂಕಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಗಟ್ಟಿ ಮುದುಕಿ ಅವಳು. "ಸುಳ್ಳಿ ಅಂದ್ನೆಲ್ಲೇ ನಿನಗ. ನನ್ನ ನಾಲಗಿಗೆ ಹುಳ ಬೀಳಲಿ" ಎಂದಳು. "ಹಡದಾಕಿ ನಾನು, ನಾ ಅಂದ್ನೆಲ್ಲೇ."

"ಇರ್ಲಿ ಬಿಡವ್ವಾ" ಎಂದು ಪಂಪಕ್ಕ ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಹಿಂದೆ ಮರುಳಸಿದ್ದಣ್ಣ ಕಡುಬಿನ ಬುಟ್ಟಿ ಹಿಡಿದು ನಿಂತಿದ್ದ. ತಾಯಿಯಿಂದ ಮಗಳಿಗೆ ಇದು ಹೇಗೆ ಇಳಿದು ಬಂತು ಎಂದು ಕೇಳಲು ಅವನ ಬಾಯಿ ತುರಿಸುತ್ತಿತ್ತು. ನಾನು ಅವನ ತೋಳು ಜಿಗುಟಿದೆ.

ಸುಂಕಲಮ್ಮ ಮತ್ತೆ ಗಾಡಿ ಹತ್ತಲು ಒಪ್ಪಲಿಲ್ಲ. ಹೊಲ ಇನ್ನೂ ದೂರವಿತ್ತು, ಮೊಣಕಾಲು ನೋವು ಬೇರೆ. ಮರುಳಸಿದ್ದಣ್ಣ ಡಾಜ್ ಹಿಡಿದು ಆಮೆಯ ಹಾಗೆ ಹಿಂದೆ ಬಂದ. ಮುದುಕಿ ಮಗಳ ಹೆಗಲ ಮೇಲೆ ಕೈ ಹಾಕಿಕೊಂಡು ಏರಿಯ ಮೇಲೆ ಮುಂದೆ ನಡೆದಳು.

"ಸಾವಕಾಶ ನಡಿಯವ್ವಾ, ಕಾಲು ನೋಯ್ತಾವ" ಎಂದಳು ಪಂಪಕ್ಕ.

"ನೋಯ್ಲಿ. ಐದು ವರ್ಷದ ಮಾತು ಅದಾವ, ಹೊಲ ಬರೂದ್ರೊಳಗ ಮುಗೀಬೇಕು" ಎಂದಳು ಸುಂಕಲಮ್ಮ.